ಚಕ್ಕುಬಂದಿ

ವಿರಾಜಪೇಟೆಯ ನೋಂದಣಿ ಕಚೇರಿಯಲ್ಲಿ
ಮೂವತ್ತೊಂದು ವರ್ಷ ಚಕ್ಕುಬಂದಿ ಬರೆದವಳು ನಾನು:
ಪೂರ್ವಕ್ಕೆ ತೋಡು, ಪಶ್ಚಿಮಕ್ಕೆ ಮುದ್ದಯ್ಯನವರ ಬಾಣೆ,
ಉತ್ತರಕ್ಕೆ ಸರಕಾರಿ ಓಣಿ, ದಕ್ಷಿಣಕ್ಕೆ
ಇವರದೇ ಉಳಿಕೆ ಜಮೀನು.
ನಾಲ್ಕು ದಿಕ್ಕು ಕಟ್ಟಿಬಿಟ್ಟರೆ
ನಡುವಿನದ್ದು ತಾನಾಗಿ ನಿಲ್ಲುತ್ತದೆಂದು ನಂಬಿದ್ದೆ.

ಈಗ ಪಿಂಚಣಿ. ರಾತ್ರಿ ಊಟವಾದ ಮೇಲೆ
ಕಂಡವರೆಲ್ಲ ಕೂಡಿ ಬರೆಯುವ ವಿಶ್ವಕೋಶಕ್ಕೆ
ನಾನೊಬ್ಬಳು ನಿರ್ವಾಹಕಿ.
ಸಂಬಳವಿಲ್ಲ, ಬೈಗುಳ ಧಾರಾಳ.

ಕೊಕ್ಕೆಮೊಟ್ಟೆಯ ಕಲ್ಲು ಅಂತ ಒಂದು ಪುಟ. ಹನ್ನೊಂದು ಸಾಲು.
ಹತ್ತರ ಬಗ್ಗೆ ಯಾರದ್ದೂ ತಕರಾರಿಲ್ಲ:
ಎತ್ತರ ಮೂರಡಿ, ಪಾಚಿ, ಹತ್ತಿರದ ಬಸ್ಸು ನಿಲ್ದಾಣ.
ಜಗಳವೆಲ್ಲ ಎರಡನೆಯ ಸಾಲಿನ
ಕೊನೆಯ ಕ್ರಿಯಾಪದಕ್ಕೆ.

ಮೊಟ್ಟೆವೀರ೧೭ ಬರೆಯುತ್ತಾನೆ: ಅವನು ಇಲ್ಲಿ ಕಾದಾಡಿ ಮಡಿದ.
ಬಿಳಿಕೋಳಿ ಅಳಿಸುತ್ತಾಳೆ, ಅಥವಾ ಅಳಿಸುತ್ತಾನೆ:
ಅವನನ್ನು ಇಲ್ಲಿ ಕಟ್ಟಿ ಕೊಂದರು.
ಮಡಿದ. ಕೊಂದರು. ಮಡಿದ. ಕೊಂದರು.
ಒಂದೇ ರಾತ್ರಿ ಹತ್ತೊಂಬತ್ತು ಸಲ ಸತ್ತ ಆ ಮನುಷ್ಯ
ಸತತ ಎರಡು ಸಲ ಒಂದೇ ಥರ ಸಾಯಲಿಲ್ಲ.

ಆಧಾರ ಕೊಡಿ ಎಂದೆ.
ಒಬ್ಬ ತಂದದ್ದು ಶಾಲೆಯೊಂದರ ಸ್ಮರಣ ಸಂಚಿಕೆ.
ಇನ್ನೊಬ್ಬರದು ಹಳೆಯ ವರದಿಯ ಅರ್ಧ ಪುಟ,
ಉಳಿದರ್ಧ ಗೆದ್ದಲಿನ ಹೊಟ್ಟೆಯಲ್ಲಿ.
ಚರ್ಚೆಯ ಪುಟಕ್ಕೆ ಕರೆದೆ. ಬಂದರು,
ಬಂದು ನನ್ನನ್ನೇ ಬೈದರು:
ನೀನು ಅವರ ಕಡೆಯವಳು, ಇಬ್ಬರೂ, ಅದೇ ಮಾತಿನಲ್ಲಿ.
ಪುಟಕ್ಕೆ ಬೀಗ ಹಾಕಿದೆ.
ಯಾವಾಗ ಹಾಕಿದರೂ
ಯಾವುದೋ ಒಂದು ತಪ್ಪು ಒಳಗೇ ಉಳಿದಿರುತ್ತದೆ.
ಈ ಸಲ ಉಳಿದದ್ದು 'ಮಡಿದ'.

ಬೀಗಕ್ಕೆ ಮೊದಲು ಮೂರನೆಯವರೊಬ್ಬರು ಬಂದಿದ್ದರು.
ಹೆಸರಿಲ್ಲ, ಬರೀ ಅಂಕಿಗಳ ಸಾಲು. ಒಂದೇ ವಾಕ್ಯ:
ನಮ್ಮ ಅವ್ವ ವರ್ಷಕ್ಕೊಮ್ಮೆ ಅವನಿಗೆ ಎಲೆಯಡಿಕೆ ಇಡುತ್ತಿದ್ದಳು.
ನಾಲ್ಕು ನಿಮಿಷ ಇತ್ತು ಅದು.
ಮೊಟ್ಟೆವೀರ ಅಳಿಸಿದ: ಆಧಾರವಿಲ್ಲ.
ಬಿಳಿಕೋಳಿ ಕೆಳಗೆ ಬರೆದರು: ಸರಿ.
ಆ ಪುಟದ ಇತಿಹಾಸದಲ್ಲಿ ಅವರಿಬ್ಬರು ಒಪ್ಪಿದ್ದು ಅದೊಂದೇ.
ನಾನೂ ಒಪ್ಪಿದೆ. ನಿಯಮ ಹಾಗಿದೆ.

ಭಾನುವಾರ ಕುಶಾಲನ ಜೀಪಿನಲ್ಲಿ ಕಲ್ಲಿನವರೆಗೆ ಹೋದೆ.
ಕಾಳುಮೆಣಸು ಕೊಯ್ಯುತ್ತಿದ್ದರು, ಏಣಿಗಳ ಮೇಲೆ ಮಾತು.
ಕಲ್ಲಿನ ಬುಡದಲ್ಲಿ ಬಾಡಿದ ಎರಡು ವೀಳ್ಯದೆಲೆ,
ಮೇಲೊಂದು ಹೋಳು ಅಡಿಕೆ. ಒಂದು ವಾರದ್ದಿರಬೇಕು.
ಕಣ್ಣಾರೆ ಕಂಡೆ.
ಕಂಡದ್ದನ್ನು ಬರೆಯುವ ಹಾಗಿಲ್ಲ ನಾನು;
ಯಾರಾದರೂ ಕಂಡು, ಅಚ್ಚು ಹಾಕಿಸಿ,
ಅದನ್ನು ನಾನು ಓದಿ, ಆಮೇಲೆ.
ಕಚೇರಿಯಲ್ಲೂ ಹೀಗೇ ಇತ್ತು:
ಉಳುವವನು ಎದುರಿಗೇ ನಿಂತಿರುತ್ತಿದ್ದ, ಪತ್ರದಲ್ಲಿ ಇರುತ್ತಿರಲಿಲ್ಲ.
ನಾನು ತಲೆಯೆತ್ತದೆ ಬರೆಯುತ್ತಿದ್ದೆ.

ನಿನ್ನೆ ರಾತ್ರಿ ಏಳೂವರೆಗೆ ಕರೆಂಟು ಹೋಯಿತು.
ಆನೆ ಬೈನೆ ಮರವನ್ನು ತಂತಿಯ ಮೇಲೆ ಕೆಡವಿತಂತೆ.
ಮೊಬೈಲಿನಲ್ಲಿ ಅಳಿದುಳಿದ ಬ್ಯಾಟರಿ, ಪುಟ ತೆರೆದೆ.
ಚರ್ಚೆಯಲ್ಲಿ ಮೊಟ್ಟೆವೀರನ ಮಾತು ಏಳು ಇಪ್ಪತ್ತೊಂಬತ್ತಕ್ಕೆ ನಿಂತಿದೆ,
ವಾಕ್ಯದ ಅರ್ಧಕ್ಕೆ. ಬಿಳಿಕೋಳಿಯದ್ದೂ.
ಹಿಂದಿನ ದಿನಗಳನ್ನು ತಿರುವಿದೆ.
ನಮ್ಮ ಬೀದಿ ಕತ್ತಲಾದ ಪ್ರತಿ ಸಂಜೆ
ಇಬ್ಬರೂ ಮೂಕರು.
ಎದ್ದು ಕಿಟಕಿ ತೆರೆದು ನೋಡಿದೆ.
ಎಲ್ಲರ ಮನೆಯಲ್ಲೂ ಮೇಣದ ಬತ್ತಿ, ಎಲ್ಲವೂ ಒಂದೇ ಥರ.

ಒಂಬತ್ತು ನಲವತ್ತೊಂದಕ್ಕೆ ಬಂತು ಕರೆಂಟು.
ನಲವತ್ತೆರಡಕ್ಕೆ ಬಿಳಿಕೋಳಿ:
ನಿಮ್ಮಲ್ಲೂ ಆನೆಯಾ?
ಬಹಳ ಹೊತ್ತು ಏನೂ ಇಲ್ಲ.
ಆಮೇಲೆ ಮೊಟ್ಟೆವೀರ: ಹೂಂ. ಬೈನೆ ಮರ.
ಅದರ ಕೆಳಗೇ, ಇನ್ನೊಂದು ಸಾಲು:
ಆದರೂ 'ಕೊಂದರು' ತಪ್ಪು.

ಬೀಗ ತೆಗೆಯಲಿಲ್ಲ ನಾನು, ಇನ್ನೂ.
ಆ ಅಂಕಿಗಳ ಮನುಷ್ಯ ಮತ್ತೆ ಬಂದಿಲ್ಲ.
ಅವರ ಕಡೆ ಕರೆಂಟು ಬಂತೋ,
ಮೊದಲೇ ಇತ್ತೋ ಇಲ್ಲವೋ, ತಿಳಿಯದು.